ಹಿನ್ನೆಲೆ ಶಬ್ದ

೨೦೧೯ನೇ ಇಸವಿ, ಆಗಸ್ಟ್ ಏಳು, ಬುಧವಾರ, ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷ. ವಲಯ ಕಚೇರಿಯ ಪಕ್ಕದ ಗೋಡೆಗೆ ಎರಡು ಮೀಟರ್ ಬಿಟ್ಟು ಮುಕ್ಕಾಲಿ ನಿಲ್ಲಿಸಿ, ಶಬ್ದಮಾಪಕವನ್ನು ಅದರ ಮೇಲೆ ಕೂರಿಸಿ ತಿರುಪು ಬಿಗಿಯುತ್ತಿದ್ದ ಪೊಲೀಸ್ ಅಧಿಕಾರಿ ತಾಕ್ ಇನ್‌ಹೋಗೆ, ತಾನು ಬಿಗಿಯುತ್ತಿರುವುದು ಆ ತಿರುಪನ್ನಲ್ಲ, ತನ್ನೊಳಗೇ ಸಡಿಲಾಗಿರುವ ಇನ್ನೇನನ್ನೋ ಅನ್ನಿಸಿತು. ತಿರುಪು ಆಗಲೇ ಬಿಗಿಯಾಗಿತ್ತು. ಆದರೂ ಇನ್ನೊಮ್ಮೆ ತಿರುಗಿಸಿದ. ಕೊರಿಯಾದ ಸೋಲ್ ನಗರದಲ್ಲಿ ಮೆರವಣಿಗೆಯಿಲ್ಲದ ದಿನವಿಲ್ಲ. ಹನ್ನೊಂದು ವರ್ಷಗಳಿಂದ ಇಂಥ ಗೋಡೆಗಳ ಪಕ್ಕ ನಿಂತು ಕಾರ್ಮಿಕರು, ಟ್ಯಾಕ್ಸಿ ಚಾಲಕರು, ಪಾದ್ರಿಗಳು, ಹಂದಿ ಸಾಕುವವರು ಎಲ್ಲರ ಕೂಗನ್ನೂ ಅಳೆದವನು ಅವನು. ಯಾರ ಕೂಗಿಗೂ ತಿರುಪನ್ನು ಎರಡು ಸಲ ಬಿಗಿದಿರಲಿಲ್ಲ. ಇವತ್ತು ಮೆರವಣಿಗೆ ಇನ್ನೂ ಕಣ್ಣಿಗೆ ಬಿದ್ದಿಲ್ಲ. ಈಜುಕೊಳದ ಕಡೆಯ ತಿರುವಿನಾಚೆ ಎಲ್ಲೋ ಒಂದು ಹೆಂಗಸಿನ ಧ್ವನಿ ಮಾತ್ರ ಏಳುತ್ತಿದೆ. ಆ ಧ್ವನಿಯನ್ನು ಅವನು ಮಾಪಕದ ನೆರವಿಲ್ಲದೆ ಗುರುತಿಸಬಲ್ಲ. ಹುಟ್ಟುವುದಕ್ಕೆ ಮುಂಚೆಯೇ ಒಳಗಿನಿಂದ ಕೇಳಿದ ಧ್ವನಿ ಅದು.

"ನಿಮ್ಮ ಅಜ್ಜಿಯರ ಸೈನ್ಯ ಹೊರಟಿತು ಅಂತ ಕಾಣ್ಸುತ್ತೆ," ಎಂದ ಸಹೋದ್ಯೋಗಿ ಬಾಂಗ್, ಐಸ್‌ಕ್ಯಾಂಡಿ ಚೀಪುತ್ತ. ಬಾಂಗ್ ಅವನಷ್ಟೇ ದರ್ಜೆಯವನು, ಅವನ ಎರಡರಷ್ಟು ಹೊಟ್ಟೆಯವನು. "ಗಂಟಲು ಕೇಳಿದ್ಯಾ ಆ ಮುಖಂಡೀದು? ಮೈಕು ಬೇರೆ ಯಾಕೆ ಬೇಕಿತ್ತೋ."

'ನಿಮ್ಮ' ಎಂದದ್ದು ಯಾಕೆ? ಇನ್‌ಹೋ ಬಾಂಗ್‌ನ ಮುಖ ನೋಡಿದ. ಆ ಮುಖದಲ್ಲಿ ಐಸ್‌ಕ್ಯಾಂಡಿಯ ಸುಖವಲ್ಲದೆ ಬೇರೇನೂ ಇರಲಿಲ್ಲ. ಸುಮ್ಮನೆ ಅಂದಿರಬೇಕು. ಗೊತ್ತಿರಲು ಸಾಧ್ಯವಿಲ್ಲ. ಕಳೆದ ಗುರುವಾರ ಠಾಣೆಯ ಗಾಜಿನ ಬಾಗಿಲಾಚೆ ನೇರಳೆ ಬಣ್ಣದ ಬಿಸಿಲುಟೋಪಿ ಕಂಡ ಕ್ಷಣವೇ ಅವನು ಕುರ್ಚಿಯಿಂದ ಜಾರಿ, ನೀರಿನ ಯಂತ್ರದ ಹಿಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದ. ನಲವತ್ತಾರು ವರ್ಷದ ಗಂಡಸು, ಭುಜಪಟ್ಟಿಯ ಮೇಲೆ ದರ್ಜೆಯ ಹೂಗಳಿರುವ ಅಧಿಕಾರಿ, ಕಾಗದದ ಲೋಟದಲ್ಲಿ ಬೇಡದ ನೀರನ್ನು ಹಿಡಿದು ಹಿಡಿದು ಕುಡಿಯುತ್ತ ಅಲ್ಲೇ ಕೂತಿದ್ದ. ಮೇಜಿನ ಮುಂದೆ ಅಮ್ಮ, ಅವಳ ಜೊತೆ ಈಜುಕೊಳದ ಗೆಳತಿ ಬೊಕ್‌ಸೂನ್. ಮೆರವಣಿಗೆಗೆ ಎರಡು ದಿನ ಮುಂಚೆಯಾದರೂ ಠಾಣೆಗೆ ತಿಳಿಸಬೇಕೆಂಬ ನಿಯಮವನ್ನು ಯಾರೋ ಹೇಳಿ ಕಳಿಸಿದ್ದರು. "ಹೆಸರು?" ಎಂದ ಬಾಂಗ್. "ಬ್ಯೋನ್ ಚುನ್‌ಜಾ." "ಉದ್ಯೋಗ?" "ಈಜು." "ಅಜ್ಜೀ, ಉದ್ಯೋಗ ಕೇಳ್ದೆ." "ನಾನೂ ಅದನ್ನೇ ಹೇಳ್ದೆ ಕಣಪ್ಪ. ಬೆಳಗ್ಗೆ ಏಳಕ್ಕೆ ಹೋಗ್ತೀನಿ, ಒಂದಿನವೂ ತಪ್ಪಿಸಿಲ್ಲ. ನಿನಗಿಂತ ಶಿಸ್ತು ನಂಗೆ." ಇಡೀ ಕೋಣೆ ನಕ್ಕಿತು. ನೀರಿನ ಯಂತ್ರದ ಹಿಂದಿದ್ದವನಿಗೂ ನಗು ಬಂತು. ನಗಲಾರದ ಕಡೆ ಬಂದ ನಗು ಮೂಗಿಗೆ ನೀರು ಹತ್ತಿಸಿತು. ಅವಳು ಹೊರಟ ಮೇಲೆ ಬಾಂಗ್ ಅರ್ಜಿಯನ್ನು ಅವನ ಮೇಜಿನ ಮೇಲಿಟ್ಟು, "ಬಂದೋಬಸ್ತಿನ ನಕ್ಷೆ ನೀನು ಬರಿ," ಎಂದಿದ್ದ.

ನಕ್ಷೆ ಬರೆದ. ಹಳದಿ ದಾರ ಎಲ್ಲಿ, ರಸ್ತೆ ದಾಟುವ ದೀಪದ ಬಳಿ ಯಾರು, ನೀರಿನ ಬಾಟಲಿಗಳು ಎಲ್ಲಿ, ಯಾರಾದರೂ ತಲೆ ಸುತ್ತಿ ಬಿದ್ದರೆ ವಾಹನ ಯಾವ ಕಡೆಯಿಂದ ಬರಬೇಕು. ಕಚೇರಿಯ ಮುಂದಿನ ವಿಶಾಲ ಅಂಗಳ ಸಿಗುವಂತಿರಲಿಲ್ಲ. ವಲಯ ಪರಿಷತ್ತಿನ ಕಾರ್ಯದರ್ಶಿ ಛೇ ಎಂಬಾತ ಇಡೀ ತಿಂಗಳಿಗೆ ಅದನ್ನು 'ಸ್ವಚ್ಛ ಬೀದಿ ಅಭಿಯಾನ'ದ ಹೆಸರಿನಲ್ಲಿ ಮೊದಲೇ ಹಿಡಿದಿಟ್ಟಿದ್ದ. ಮೊದಲು ಬಂದವರಿಗೆ ಜಾಗ. ಅಭಿಯಾನವೆಂದರೆ ಒಂದು ಬ್ಯಾನರು, ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯ ಮೇಲೆ ಯಾರೂ ಕೂರುವುದಿಲ್ಲ. ಆದರೂ ಎರಡು ಗುಂಪುಗಳ ನಡುವೆ ಘರ್ಷಣೆಯಾಗಬಾರದೆಂದು ನಿಯಮದಂತೆ ಆ ಖಾಲಿ ಕುರ್ಚಿಯ ಪಕ್ಕ ಒಬ್ಬ ಪೊಲೀಸನನ್ನು ನಿಲ್ಲಿಸಲೇಬೇಕಾಯಿತು. ಇನ್‌ಹೋ ತನ್ನ ಕೈಯಾರೆ ನಕ್ಷೆಯಲ್ಲಿ ಕುರ್ಚಿಗೊಂದು ಚುಕ್ಕೆ, ಪೊಲೀಸನಿಗೊಂದು ಚುಕ್ಕೆ ಇಟ್ಟ. ಅಜ್ಜಿಯರಿಗೆ ಉಳಿದಿದ್ದು ಎರಡು ಮೂಲೆ. ಉತ್ತರದ್ದು ಬಟ್ಟಬಯಲು, ಪರಿಷತ್ತಿನ ಸಭಾಂಗಣದ ಕಿಟಕಿಗಳಿಗೆ ಹತ್ತಿರ. ಪಕ್ಕದ ಇನ್ನೊಂದು ಸ್ವಲ್ಪ ದೂರ, ಆದರೆ ದೊಡ್ಡ ಮರಗಳ ನೆರಳು. ಪೆನ್ಸಿಲು ಬಹಳ ಹೊತ್ತು ಗಾಳಿಯಲ್ಲೇ ನಿಂತಿತ್ತು. ಕೊನೆಗೆ ಅವನು ನೆರಳನ್ನು ಆರಿಸಿದ. ಈ ಬಿಸಿಲಲ್ಲಿ ಯಾವ ಅಜ್ಜಿಯರಿಗಾದರೂ ಅದನ್ನೇ ಕೊಡುತ್ತಿದ್ದೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳಬೇಕಾಗಿ ಬಂದದ್ದೇ ಅವನನ್ನು ಚುಚ್ಚಿತು. ಬೇರೆ ಯಾರ ಅಮ್ಮನಿಗಾದರೂ ಹಾಗೆ ಹೇಳಿಕೊಳ್ಳದೆಯೇ ಕೊಡುತ್ತಿದ್ದನಲ್ಲ.

ತಿರುವಿನಲ್ಲಿ ಮೊದಲು ಕಂಡದ್ದು ಈಜುಟೋಪಿಗಳು. ಗುಲಾಬಿ, ನಿಂಬೆ ಹಳದಿ, ರಬ್ಬರಿನ ಹೂವು ಮೆತ್ತಿದ ನೀಲಿ. ಬಿಸಿಲಿಗೆ ಮಿರಮಿರ ಮಿಂಚುವ ಅರವತ್ತು ತಲೆಗಳು. ಮುಂದೆ ತರಕಾರಿ ತಳ್ಳುಗಾಡಿ, ಅದರ ಮೇಲೆ ಯಾರದೋ ಮನೆಯ ಹಾಡಿನ ಪೆಟ್ಟಿಗೆ, ಅದಕ್ಕೊಂದು ಮೈಕು. "ಈಜುಕೊಳ ಮುಚ್ಚಬೇಡಿ! ಕಾರಿಗೆ ಮಂಡಿನೋವಿಲ್ಲ!" ಮೂರು ಗಂಟೆಗೆ ಪರಿಷತ್ತು ಕೈಯೆತ್ತಿ ತೀರ್ಮಾನಿಸಲಿತ್ತು: ಈಜುಕೊಳವನ್ನು ಕೆಡವಿ ಕಾರು ನಿಲ್ಲಿಸುವ ಕಟ್ಟಡ. ಅಷ್ಟರೊಳಗೆ ತಮ್ಮ ಮಾತು ಮೇಲಿನ ಕಿಟಕಿಗಳನ್ನು ಮುಟ್ಟಬೇಕು; ಅದಷ್ಟೇ ಅವರ ಕೆಲಸ. ಅಮ್ಮ ಗಾಡಿಯ ಹಿಡಿಕೆಗೆ ಭಾರ ಕೊಟ್ಟು ನಡೆಯುತ್ತಿದ್ದಳು. ತಳ್ಳುತ್ತಿರುವವಳಂತೆ ಕಂಡರೂ ಅದನ್ನು ಆನಿಕೊಂಡೇ ಬರುತ್ತಿದ್ದಾಳೆಂಬುದು ಅವನೊಬ್ಬನಿಗೆ ಗೊತ್ತಿತ್ತು. ಭಾನುವಾರ ಅವಳ ಮನೆಗೆ ಹೋದಾಗ ಮೂರನೇ ಮಹಡಿಯ ಮೆಟ್ಟಿಲುಗಳ ಮೇಲೆ ಅವಳ ಮಂಡಿ ಒಣ ಸೌದೆ ಮುರಿದಂತೆ ಸದ್ದು ಮಾಡಿತ್ತು. "ನೀರೊಳಗೆ ಇಳಿದ್ರೆ ಇವಕ್ಕೆ ಇಪ್ಪತ್ತು ವರ್ಷ ಕಣೋ," ಎಂದು ಮಂಡಿಗಳನ್ನು ಮೊಮ್ಮಕ್ಕಳ ತಲೆಯಂತೆ ತಟ್ಟಿದ್ದಳು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ್ದ ಅವನು, ನೀರು ಮೈಭಾರವನ್ನು ಹೊರುವ ಬಗೆಯನ್ನು ವಿವರಿಸಲು ಹೊರಟಿದ್ದ. ಅವಳು ಅವನ ಬಾಯಿಗೆ ಹುರಿದ ಬದನೆಕಾಯಿ ತುರುಕಿದ್ದಳು. ಮೆರವಣಿಗೆಯ ಬಗ್ಗೆ ಇಬ್ಬರೂ ಒಂದು ಮಾತೂ ಆಡಿರಲಿಲ್ಲ.

ಹಳದಿ ದಾರದ ಹತ್ತಿರ ಗಾಡಿ ನಿಂತಿತು. ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ಅಪರಿಚಿತಳ ಗತ್ತಿನಲ್ಲಿ ತಲೆ ಬಾಗಿಸಿದಳು. "ಅಧಿಕಾರಿಗಳೇ, ನಮ್ಮ ಜಾಗ ಇದೇನಾ?"

"ಹೌದು... ಅಜ್ಜೀ," ಎಂದ ಇನ್‌ಹೋ. ನಾಲಗೆ ಆ ಪದದ ಮೇಲೆ ಮುಗ್ಗರಿಸಿತು.

"ಒಳ್ಳೇ ನೆರಳಿದೆ. ನಿಮ್ಮಮ್ಮನಿಗೆ ಪುಣ್ಯ ಬರ್ಲಿ."

"ಅಯ್ಯೋ ಅಕ್ಕಾ, ಇವ್ನು ನಿಮ್ಮ ಚಿಕ್ಕ..." ಎಂದು ಬೊಕ್‌ಸೂನ್ ಬಾಯಿ ತೆರೆದಳು. ಅಮ್ಮನ ರಬ್ಬರ್ ಚಪ್ಪಲಿ ಅವಳ ಕಾಲ್ಬೆರಳ ಮೇಲೆ ಊರಿತು. "ಚಿಕ್ಕ ವಯಸ್ಸಿನ ಅಧಿಕಾರಿ ಅಲ್ವಾ ಅಂದೆ," ಎಂದು ಬೊಕ್‌ಸೂನ್ ನೋವಿಗೆ ಮುಖ ಕಿವುಚಿಕೊಂಡೇ ಮಾತು ಮುಗಿಸಿದಳು.

ಹಾಗಾದರೆ ಅಮ್ಮನಿಗೆ ಗೊತ್ತಿತ್ತು. ನೀರಿನ ಯಂತ್ರದ ಹಿಂದೆ ಕೂತಿದ್ದವನ ಬೂಟುಗಳು ಕಂಡಿದ್ದವು. ಅವನು ಬಚ್ಚಿಟ್ಟುಕೊಂಡದ್ದನ್ನು ಕಂಡೂ ಕಾಣದಂತೆ, ಆ ಬಚ್ಚಿಟ್ಟುಕೊಳ್ಳುವಿಕೆಗೇ ಅವಳು ಕಾವಲು ಕೂತಿದ್ದಳು. ಕಿವಿ ಬಿಸಿಯಾಯಿತು. ಶಾಲೆಯ ಆಟೋಟದ ದಿನ, ಓಟದ ಗೆರೆಯ ಮೇಲೆ ಅವನು ಬಾಗಿ ನಿಂತಿದ್ದಾಗ, ಮೈದಾನದ ಆಚೆ ತುದಿಯಿಂದ "ಇನ್‌ಹೋಯಾ! ಚಡ್ಡಿ ಮೇಲಕ್ಕೆತ್ತೋ!" ಎಂದು ಬಂದ ಕೂಗು, ಓಡುವುದನ್ನು ಮರೆತು ನಗುತ್ತ ನಿಂತ ಉಳಿದ ಹುಡುಗರು. ಅವತ್ತು ಅವನೇ ಗೆದ್ದಿದ್ದ, ಉಳಿದವರು ಓಡಿರಲಿಲ್ಲ. ಬಹುಮಾನದ ಪೆನ್ಸಿಲ್ ಡಬ್ಬಿಯನ್ನು ಮನೆಗೆ ತರದೆ ಬಸ್ಸಿನಲ್ಲೇ ಬಿಟ್ಟು ಬಂದಿದ್ದ. ಜನ ಎಷ್ಟೋ ಸಲ ಕೇಳಿದ್ದಾರೆ, ಪೊಲೀಸಿನಲ್ಲಿ ಇಷ್ಟೆಲ್ಲ ಕೆಲಸವಿರುವಾಗ ಕೂಗಾಟ ಅಳೆಯುವ ಕೆಲಸವನ್ನೇ ಯಾಕೆ ಬಯಸಿ ತೆಗೆದುಕೊಂಡೆ ಎಂದು. ಲಾಗರಿದಮ್ ಇಷ್ಟ ಎಂದು ಅವನು ಉತ್ತರಿಸುತ್ತಿದ್ದ. ಅದು ಸುಳ್ಳೂ ಅಲ್ಲ. ಡೆಸಿಬೆಲ್ ಲೆಕ್ಕದಲ್ಲಿ ಒಂದು ಸಮಾಧಾನವಿತ್ತು: ಒಬ್ಬನ ಜೊತೆ ಅಷ್ಟೇ ಜೋರಾಗಿ ಇನ್ನೊಬ್ಬ ಕೂಗಿದರೆ ಅಂಕಿ ಇಮ್ಮಡಿಯಾಗುವುದಿಲ್ಲ, ಮೂರು ಮಾತ್ರ ಏರುತ್ತದೆ. ಜಗತ್ತಿನ ಗಲಾಟೆಯನ್ನೆಲ್ಲ ಮಡಿಸಿ ಜೇಬಿನಲ್ಲಿಡಬಹುದಾದ ಲೆಕ್ಕ.

ಕೂಗು ಶುರುವಾಗಿ ಹತ್ತು ನಿಮಿಷವಾಗುವುದರೊಳಗೆ ಕಾರ್ಯದರ್ಶಿ ಛೇ ಅಂಗಳಕ್ಕಿಳಿದ. ಕತ್ತಿಗೆ ಗುರುತಿನ ಚೀಟಿ, ಕೈಯಲ್ಲಿ ಪುಟ್ಟ ಫ್ಯಾನು. ಆ ಫ್ಯಾನಿನ ಗಾಳಿಗೆ ಅವನ ಮುಂಗೂದಲು ಮಾತ್ರ ಹಾರುತ್ತಿತ್ತು.

"ಏನ್ರೀ ಇದು, ಸಭೆ ನಡೀತಿದೆ ಮೇಲೆ! ಅಳೀರಿ. ಮಿತಿ ದಾಟಿದ್ರೆ ಮೈಕು ಆರಿಸಿ. ಕಾನೂನು ಇರೋದ್ಯಾಕೆ?"

"ಅಳೀತಿದೀವಿ ಸಾರ್," ಎಂದ ಬಾಂಗ್. "ಹತ್ತು ನಿಮಿಷದ ಸರಾಸರಿ ಬರ್ಬೇಕು. ಮೊಟ್ಟೆ ಬೇಯೋಕೂ ಅಷ್ಟು ಹೊತ್ತು ಬೇಕಲ್ಲ."

ಸರಾಸರಿ ಬಂತು: ಎಪ್ಪತ್ತೇಳು ದಶಾಂಶ ಒಂದು. ಹಗಲಿನ ಮಿತಿ ಎಪ್ಪತ್ತೈದು. ಛೇಯ ಮುಖ ಅರಳಿತು. ಮುಂದಿನ ಹೆಜ್ಜೆ ಇನ್‌ಹೋಗೆ ಬಾಯಿಪಾಠ: ಸಂಘಟಕಿಯ ಮುಂದೆ ನಿಂತು, ಅಂಕಿ ತೋರಿಸಿ, ಸದ್ದು ತಗ್ಗಿಸುವ ಆದೇಶವನ್ನು ಓದಿ ಕೈಗೆ ಕೊಡುವುದು. ತಗ್ಗದಿದ್ದರೆ ಮೈಕು ಕಿತ್ತುಕೊಳ್ಳುವುದು. ಮೈಕು ಹೋದರೆ, ಮುಚ್ಚಿದ ಗಾಜಿನಾಚೆ ತಂಪು ಯಂತ್ರದ ಗುಂಯ್‌ಗುಡುವಿಕೆಯಲ್ಲಿ ಕೂತವರಿಗೆ ಈಜುಕೊಳ ಒಂದು ಕಾಗದದ ಸಾಲಾಗಿಯೇ ಉಳಿಯುತ್ತದೆ. ಮೂರು ಗಂಟೆಗೆ ಕೈಗಳು ಏಳುತ್ತವೆ. ಚಳಿಗಾಲದ ಹೊತ್ತಿಗೆ ಅಮ್ಮ ಮೂರನೇ ಮಹಡಿಯಿಂದ ಇಳಿಯುವುದನ್ನು ಬಿಡುತ್ತಾಳೆ.

ಆದರೆ ನಿಯಮದಲ್ಲಿ ಇನ್ನೊಂದು ಮಾತಿತ್ತು. ಕೂಗು ಇಲ್ಲದಾಗ ಆ ಜಾಗದಲ್ಲಿ ಎಷ್ಟು ಸದ್ದಿರುತ್ತದೋ ಅದು ಹಿನ್ನೆಲೆ ಶಬ್ದ; ಅದನ್ನೂ ಅಳೆದು ತಾಳೆ ನೋಡಬೇಕು. ಕೂಗಿನ ಅಂಕಿ ಅದಕ್ಕಿಂತ ಮೂರು ಡೆಸಿಬೆಲ್ ಆದರೂ ಹೆಚ್ಚಿಲ್ಲದಿದ್ದರೆ ಇನ್ನೊಮ್ಮೆ ಅಳೆಯಬೇಕು, ಆಗಲೂ ಹಾಗೆಯೇ ಇದ್ದರೆ ಅದು ಮೈಕಿನ ಸದ್ದೇ ಅಲ್ಲವೆಂದು ಬಿಡಬೇಕು.

"ಹಿನ್ನೆಲೆ ನಿಮ್ಮ ಕಡತದಲ್ಲೇ ಇದೆ," ಎಂದ ಛೇ. "ಏಪ್ರಿಲ್‌ನಲ್ಲಿ ನೀವೇ ಅಳೆದಿದ್ದು. ಐವತ್ತೆಂಟು. ಎಲ್ಲಿ ಐವತ್ತೆಂಟು, ಎಲ್ಲಿ ಎಪ್ಪತ್ತೇಳು? ಇನ್ನೇನು ನೋಡ್ತಾ ನಿಂತಿದೀರಿ?"

ಐವತ್ತೆಂಟು ನಿಜ. ಇನ್‌ಹೋನೇ ಅಳೆದಿದ್ದ. ಹೂಬಿಸಿಲಿನ ದಿನ, ಇದೇ ಗೋಡೆ, ಇದೇ ಎರಡು ಮೀಟರ್. ಏಪ್ರಿಲ್‌ನ ಅಂಕಿಯನ್ನು ಆಗಸ್ಟಿಗೆ ಹಾಕುವುದು ಸರಿಯೇ ಎಂಬ ಪ್ರಶ್ನೆ ಅವನಲ್ಲಿ ಎದ್ದಿತು. ಎದ್ದ ಕೂಡಲೇ, ಆ ಪ್ರಶ್ನೆಯನ್ನು ಎಬ್ಬಿಸಿದ್ದು ಭೌತಶಾಸ್ತ್ರವೋ ಬದನೆಕಾಯಿಯೋ ಎಂಬ ಇನ್ನೊಂದು ಪ್ರಶ್ನೆ ಅದರ ಬೆನ್ನೇರಿತು. ಹಂದಿ ಸಾಕುವವರಿಗೆ ಹೊಸದಾಗಿ ಅಳೆದಿದ್ದೆನೇ? ನೆನಪಿಲ್ಲ. ಟ್ಯಾಕ್ಸಿಯವರಿಗೆ? ಅವರಿಗೆ ಅಳೆದಿದ್ದೆ, ಮಳೆಯಿತ್ತು. ಸರಿಯಾದ ಕೆಲಸವನ್ನು ತಪ್ಪಾದ ಕಾರಣಕ್ಕೆ ಮಾಡಿದರೆ ಅದು ಸರಿಯೇ? ತಪ್ಪಾದ ಕಾರಣಕ್ಕೆ ಹೆದರಿ ಸರಿಯಾದ ಕೆಲಸವನ್ನು ಬಿಟ್ಟರೆ? ಅವನು ಬಾಂಗ್‌ನನ್ನು ತೋಳು ಹಿಡಿದು ಮರದ ಹಿಂದಕ್ಕೆ ಎಳೆದ.

"ಬಾಂಗ್, ನಿನಗೊಂದು ವಿಷಯ ಹೇಳ್ಬೇಕು. ಆ ಮುಖಂಡಿ... ನಮ್ಮಮ್ಮ."

ಬಾಂಗ್ ಐಸ್‌ಕ್ಯಾಂಡಿಯ ಕಡ್ಡಿಯನ್ನು ಬಾಯಿಯಿಂದ ತೆಗೆದು ಅವನನ್ನು ಕನಿಕರದಿಂದ ನೋಡಿದ. "ಲೋ, ಇಡೀ ಠಾಣೆಗೆ ಗೊತ್ತು. ಅದೇ ಮೂಗು, ಅದೇ ಹುಬ್ಬು. ಸಾಲದ್ದಕ್ಕೆ ಆ ಅಮ್ಮ ಹೊರಡ್ತಾ, 'ನೀರಿನ ಯಂತ್ರದ ಹಿಂದೆ ಇರೋವ್ನಿಗೆ ಕಾಲು ಜೋಮು ಹಿಡಿದಿರತ್ತೆ, ನಾ ಹೋದ್ಮೇಲೆ ಎಬ್ಬಿಸು' ಅಂತ ನನ್ ಕಿವೀಲಿ ಹೇಳಿ ಹೋದ್ರು."

"ಮತ್ತೆ ನಕ್ಷೆ ನನಗ್ಯಾಕೆ ಕೊಟ್ಟೆ?"

"ನಾನ್ ಬರೆದಿದ್ರೆ ಬಿಸಿಲಲ್ಲಿ ನಿಲ್ಲಿಸ್ತಿದ್ದೆ. ನಂಗೆ ಅಷ್ಟೆಲ್ಲ ತಲೆ ಓಡಲ್ಲ." ಬಾಂಗ್ ಕಡ್ಡಿಯನ್ನು ಜೇಬಿಗೆ ಹಾಕಿಕೊಂಡ. "ಈಗ ನೋಡು. ಯಂತ್ರ ಮುಟ್ಬೇಡ ನೀನು. ಗುಂಡಿ ನಾ ಒತ್ತೀನಿ, ರುಜು ನಾ ಹಾಕ್ತೀನಿ. ಆ ಫ್ಯಾನಿನವ್ನೂ ಪಕ್ಕದಲ್ಲಿ ನಿಂತು ನೋಡ್ಲಿ. ನೀ ಒಂದೇ ಕೆಲಸ ಮಾಡು. ಐದು ನಿಮಿಷ ಅವ್ರ ಬಾಯಿ ಮುಚ್ಸು."

ಐದು ನಿಮಿಷ! ಅಮ್ಮನ ಬಾಯಿ! ಅಪ್ಪ ಇಡೀ ಜೀವಮಾನದಲ್ಲಿ ಮಾಡಲಾಗದ ಕೆಲಸವದು. ಇನ್‌ಹೋ ಹಳದಿ ದಾರದ ಕಡೆ ನಡೆದ. ಈಜುಟೋಪಿಗಳೆಲ್ಲ ಅವನತ್ತ ತಿರುಗಿದವು. ಹತ್ತಿರದಿಂದ ಅಮ್ಮನ ಮುಖ ಕೆಂಪಾಗಿತ್ತು, ಕಣ್ಣು ಹಬ್ಬದ ದಿನದಂತೆ ಹೊಳೆಯುತ್ತಿತ್ತು. ಇವಳು ಸುಖವಾಗಿದ್ದಾಳೆ ಎಂಬುದು ಅವನಿಗೆ ಆಗಷ್ಟೇ ಹೊಳೆಯಿತು. ತನ್ನ ನಾಚಿಕೆಯ ಗದ್ದಲದಲ್ಲಿ ಅದು ಅವನಿಗೆ ಕೇಳಿಸಿಯೇ ಇರಲಿಲ್ಲ.

"ಅಜ್ಜೀ," ಎಂದ. ನಂತರ, ಸುತ್ತ ಇದ್ದವರಿಗೆಲ್ಲ ಕೇಳಿಸುವಂತೆ, "ಅಮ್ಮಾ," ಎಂದ. ಬೊಕ್‌ಸೂನ್ ತನ್ನ ಕಾಲ್ಬೆರಳುಗಳನ್ನು ಜೋಪಾನವಾಗಿ ಹಿಂದಕ್ಕೆ ಎಳೆದುಕೊಂಡಳು. "ಐದು ನಿಮಿಷ ಯಾರೂ ಒಂದು ಮಾತೂ ಆಡಬಾರ್ದು. ಸುಮ್ಮನೆ ಇರೋ ಸದ್ದು ಎಷ್ಟು ಅಂತ ಅಳೀಬೇಕು."

ಅಮ್ಮ ಅವನ ಮುಖವನ್ನೇ ನೋಡಿದಳು. "ಇದು ಮೋಸ ಅಲ್ಲ ತಾನೇ? ಬಾಯಿ ಮುಚ್ಸಿ ಮನೆಗೆ ಕಳ್ಸೋ ಉಪಾಯ?"

"ಅಲ್ಲಮ್ಮ. ಇದರಿಂದ ಒಳ್ಳೇದಾಗುತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ಮೋಸ ಅಲ್ಲ."

"ಆಯ್ತು." ಅವಳು ಹಿಂದೆ ತಿರುಗಿ, ಮೈಕು ಬದಿಗಿಟ್ಟು, ಬರಿಗಂಟಲಲ್ಲಿ, "ಎಲ್ರೂ ಕೇಳ್ರೇ! ಮುಳುಗಿ! ಐದು ನಿಮಿಷ ಉಸಿರು ಬಿಡಂಗಿಲ್ಲ!" ಎಂದಳು.

ಬಾಂಗ್ ಗುಂಡಿ ಒತ್ತಿದ. ಅರವತ್ತು ಹೆಂಗಸರು ನೀರೊಳಗೆ ಮುಳುಗಿದಂತೆ ಕೆನ್ನೆ ಉಬ್ಬಿಸಿ ನಿಂತರು. ಸುಮ್ಮನೆ ನಿಲ್ಲುವ ಅಭ್ಯಾಸ ಮಾತ್ರ ಅವರ ಮೈಗಿರಲಿಲ್ಲ. ಮೊದಲು ಬೊಕ್‌ಸೂನಳ ಕೈ ಮೇಲೆದ್ದಿತು, ಬೆಳಗಿನ ತರಗತಿಯಲ್ಲಿ ಏಳುವ ಹಾಗೆ ಮೆಲ್ಲಗೆ, ಇಲ್ಲದ ನೀರನ್ನು ತಳ್ಳುತ್ತ. ಪಕ್ಕದವಳದು ಎದ್ದಿತು. ನೋಡನೋಡುತ್ತ ಎಲ್ಲರ ತೋಳುಗಳೂ ಒಟ್ಟಿಗೆ ಎಡಕ್ಕೆ, ಒಟ್ಟಿಗೆ ಬಲಕ್ಕೆ, ಮೊಣಕಾಲು ಮೇಲೆ, ಮೊಣಕಾಲು ಕೆಳಗೆ. ಮರಗಳ ನೆರಳು ಅವರ ಮೇಲೆ ಅಲೆಯಂತೆ ಆಡುತ್ತಿತ್ತು. ಒಂದು ಪದವಿಲ್ಲ. ಮತ್ತು ಆಗ ಇನ್‌ಹೋಗೆ ಕೇಳಿಸಿತು. ಬೆಳಗಿನಿಂದ, ಬಹುಶಃ ಮೂರು ವಾರಗಳಿಂದ, ಎಡೆಬಿಡದೆ ಇದ್ದದ್ದು. ಯಾವತ್ತೋ ಕಿವಿ ಕೇಳುವುದನ್ನು ಬಿಟ್ಟುಬಿಟ್ಟಿದ್ದು. ನೆತ್ತಿಯ ಮೇಲೆ, ಪ್ರತಿ ಕೊಂಬೆಯಲ್ಲೂ, ಕಾದ ಬಾಣಲೆಗೆ ಎಣ್ಣೆ ಸುರಿದಂತೆ ಜೀರುಂಡೆಗಳು ಚೀರುತ್ತಿದ್ದವು. ನಾಳೆಯಿಂದ ಶರದೃತು ಎಂದು ಪಂಚಾಂಗ ಹೇಳುತ್ತಿತ್ತು; ಅದನ್ನು ತಡೆಯಲೆಂಬಂತೆ ಸಾವಿರ ಸಾವಿರ ಜೀರುಂಡೆಗಳು, ಠಾಣೆಗೆ ತಿಳಿಸದೆ, ಯಾರ ಅಪ್ಪಣೆಯೂ ಇಲ್ಲದೆ. ಸದ್ದು ಅಳೆಯುವುದನ್ನೇ ಬದುಕು ಮಾಡಿಕೊಂಡವನಿಗೆ ನಗು ತಡೆಯಲಾಗಲಿಲ್ಲ. ಸದ್ದಾಗಬಾರದೆಂದು ಟೋಪಿಯನ್ನು ಬಾಯಿಗೆ ಒತ್ತಿಕೊಂಡ.

ಮೇಲೆ ಕಿಟಕಿಯೊಂದು ತೆರೆಯಿತು. ಗದ್ದಲಕ್ಕೆ ತೆರೆಯದ ಕಿಟಕಿ. ಆಮೇಲೆ ಇನ್ನೊಂದು, ಮತ್ತೊಂದು. ಇಷ್ಟು ಹೊತ್ತು ಕೂಗುತ್ತಿದ್ದವರು ತಟ್ಟನೆ ನಿಂತದ್ದೇಕೆ, ಯಾರಿಗಾದರೂ ಏನಾದರೂ ಆಯಿತೇ ಎಂದು ನೋಡಲು ಪರಿಷತ್ತಿನ ಸದಸ್ಯರು ಒಬ್ಬೊಬ್ಬರಾಗಿ ಕತ್ತು ಚಾಚಿದರು. ಕೆಳಗೆ ಬಣ್ಣಬಣ್ಣದ ತಲೆಗಳು ಒಣ ನೆಲದ ಮೇಲೆ ಈಜುತ್ತಿದ್ದವು. ಪರಿಷತ್ತಿನ ಅಧ್ಯಕ್ಷೆ, ಕನ್ನಡಕವನ್ನು ಹಣೆಗೇರಿಸಿಕೊಂಡ ಹೆಂಗಸು, ಬಹಳ ಹೊತ್ತು ನೋಡುತ್ತ ನಿಂತು, ತಾನರಿಯದೆಯೇ ಒಂದು ಕೈಯನ್ನು ಸ್ವಲ್ಪ ಎಡಕ್ಕೆ ಆಡಿಸಿದಳು.

"ಎಪ್ಪತ್ತಾರು ದಶಾಂಶ ಮೂರು," ಎಂದು ಬಾಂಗ್ ಓದಿದ. "ಬರೀ ಹುಳುಗಳದ್ದು."

"ಅಂದ್ರೆ?" ಎಂದ ಛೇ.

ಇನ್‌ಹೋ ಮನಸ್ಸಿನಲ್ಲೇ ಲಾಗರಿದಮ್ ಲೆಕ್ಕ ಹಾಕಿ ಮುಗಿಸಿದ್ದ. ಹುಳುಗಳನ್ನು ತೆಗೆದರೆ ಅಜ್ಜಿಯರ ಪಾಲಿಗೆ ಉಳಿಯುವುದು ಅರವತ್ತೊಂಬತ್ತರ ಆಸುಪಾಸು. "ಅಂದ್ರೆ ಮಿತಿ ದಾಟಿರೋದು ಮರದ ಮೇಲಿರೋರು ಸಾರ್. ಕೆಳಗಿರೋರಲ್ಲ. ನಿಯಮದಂತೆ ಇನ್ನೊಂದ್ಸಲ ಅಳೀತೀವಿ."

"ಈ ಮೂಲೆ ಆರಿಸಿದ್ದು ಯಾರು?"

"ನಾನು. ನೆರಳಿತ್ತು ಅಂತ. ಆಕೆ ನನ್ನ ತಾಯಿ, ಅದೂ ನಿಜ. ವರದೀಲಿ ಎರಡೂ ಬರೀತೀನಿ. ಅಂಗಳ ಖಾಲಿ ಇದ್ದಿದ್ರೆ ಅಲ್ಲೇ ನಿಲ್ಲಿಸ್ತಿದ್ದೆ. ಅಲ್ಲಿ ಮರಗಳಿಲ್ಲ, ಹುಳುಗಳೂ ಇಲ್ಲ." ಎಲ್ಲರ ದೃಷ್ಟಿಯೂ ಬಿಸಿಲಲ್ಲಿ ಕಾಯುತ್ತಿದ್ದ ಪ್ಲಾಸ್ಟಿಕ್ ಕುರ್ಚಿಯತ್ತ, ಅದನ್ನು ಶ್ರದ್ಧೆಯಿಂದ ಕಾಯುತ್ತಿದ್ದ ಪೊಲೀಸನತ್ತ ಹೋಯಿತು. ಛೇಯ ಫ್ಯಾನು ನಿಂತುಹೋಗಿತ್ತು. ಅವನು ಅದನ್ನು ಎರಡು ಸಲ ತಟ್ಟಿ ನೋಡಿದ.

ಮೇಲಿನಿಂದ ಅಧ್ಯಕ್ಷೆಯ ಧ್ವನಿ ಬಂತು. "ಯಾಕ್ರಮ್ಮ ನಿಲ್ಸಿಬಿಟ್ರಿ? ಇಲ್ಲಿಂದ ಏನೂ ಸರಿಯಾಗಿ ಕೇಳ್ತಿರ್ಲಿಲ್ಲ. ಮೂರು ಜನ ಮೇಲೆ ಬನ್ನಿ, ಕೂತು ಹೇಳಿ. ಕೊಳ ನೋಡ್ದೇ ನಾವ್ಯಾರೂ ಇವತ್ತು ಕೈ ಎತ್ತಲ್ಲ."

ಅರವತ್ತು ಹೆಂಗಸರು ಹೋ ಎಂದು ಕೂಗುತ್ತ ಒಟ್ಟಿಗೆ ನೀರಿನಿಂದ ಮೇಲೆ ಬಂದರು. ಆ ಕೂಗಿಗೆ ಜೀರುಂಡೆಗಳೂ ಒಂದು ಕ್ಷಣ ಬಾಯಿ ಮುಚ್ಚಿದವು. ಎರಡನೆಯ ಅಳತೆಗೆ ಯಂತ್ರ ಓಡುತ್ತಲೇ ಇತ್ತು. ಮೈಕು ಆರಿಸಿ, ನೇರಳೆ ಟೋಪಿಯನ್ನು ಈಜುಟೋಪಿಯ ಮೇಲೆ ಹಾಕಿಕೊಂಡು ಅಮ್ಮ ಮೆಟ್ಟಿಲುಗಳತ್ತ ಹೊರಟಳು, ಎಡಕ್ಕೆ ಬೊಕ್‌ಸೂನ್, ಬಲಕ್ಕೆ ಇನ್ನೊಬ್ಬಳು. ಮೊದಲ ಮೆಟ್ಟಿಲಿಗೆ ಮಂಡಿ ಲಟಕ್ಕೆಂದಿತು. ಈ ದೂರದಲ್ಲಿ ಅದು ಯಾರಿಗೂ ಕೇಳಿಸಲಾರದು, ಇನ್‌ಹೋಗೆ ಕೇಳಿಸಿತು. ಅವನು ಮುಂದೆ ಹೋಗಿ ತೋಳು ಚಾಚಿದ. ಅವಳು ಅದರ ಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಭಾರ ಬಿಟ್ಟು ಮೇಲೇರಿ, ಬಾಗಿಲಲ್ಲಿ ಅವನನ್ನು ಹಿಂದಕ್ಕೆ ಅಟ್ಟಿದಳು, "ಹೋಗು, ನಿನ್ ಕೆಲ್ಸ ನೋಡ್ಕೋ." ಅವನು ಇಳಿದು ಮುಕ್ಕಾಲಿಯ ಪಕ್ಕ ಬಂದು ನಿಲ್ಲುವುದಕ್ಕೂ ಅವಳು ಒಳಗೆ ಹೋಗದೆ ಇತ್ತ ತಿರುಗುವುದಕ್ಕೂ ಸರಿಹೋಯಿತು. ಠಾಣೆಯ ಜನ, ಪರಿಷತ್ತಿನ ಜನ, ಕಿಟಕಿಗಳು, ಖಾಲಿ ಕುರ್ಚಿ ಎಲ್ಲವೂ ಇದ್ದವು. ಅವಳು ಎದೆ ತುಂಬ ಉಸಿರೆಳೆದುಕೊಂಡದ್ದನ್ನು ಅವನು ಕಂಡ, ಏನು ಬರಲಿದೆಯೆಂದು ಅವನಿಗೆ ಗೊತ್ತಿತ್ತು, ಈ ಸಲ ಅವನು ಎಲ್ಲೂ ಅವಿತು ಕೂರಲಿಲ್ಲ.

"ಇನ್‌ಹೋಯಾ! ಸಂಜೆ ಊಟಕ್ಕೆ ಬಾರೋ! ಆ ಹೊಟ್ಟೆಯವ್ನನ್ನೂ ಕರ್ಕೊಂಡ್ ಬಾ!"

ಬಾಂಗ್ ಬಗ್ಗಿ ಮಾಪಕದ ಗಾಜನ್ನು ಬೆರಳಿಂದ ಒರೆಸಿ, ಗರಿಷ್ಠ ಎಂಬ ಸಾಲನ್ನು ಗಟ್ಟಿಯಾಗಿ ಓದಿದ: ಎಂಬತ್ತೆರಡು ದಶಾಂಶ ನಾಲ್ಕು ಡೆಸಿಬೆಲ್.